ಓದುಗರ ನೆನಪಿಗೆ ಒಗ್ಗುವ ಗ್ರಂಥಾಲಯ ಕ್ಯಾಟಲಾಗ್

ಗ್ರಂಥಾಲಯದ ಕೌಂಟರಿನ ಬಳಿ ಒಂದು ದಿನ ಕುಳಿತು ಓದುಗರು ಪುಸ್ತಕ ಕೇಳುವ ಬಗೆಯನ್ನು ಗಮನಿಸಿದರೆ, ಕ್ಯಾಟಲಾಗಿನ ಹುಡುಕಾಟ ಹೇಗಿರಬೇಕೆಂಬುದು ಅರ್ಧ ತಿಳಿದಂತೆಯೇ ಸರಿ. ಪೂರ್ಣ ಶೀರ್ಷಿಕೆ ಹೇಳುವವರು ವಿರಳ. ಲೇಖಕರ ಕಾವ್ಯನಾಮ, ಶೀರ್ಷಿಕೆಯ ಒಂದು ತುಂಡು ಅಥವಾ ವಿಷಯವಷ್ಟೇ ಅವರ ನೆನಪಿನಲ್ಲಿರುತ್ತದೆ. ಆದ್ದರಿಂದ ಮೊದಲ ಪರದೆಯಲ್ಲಿ ಒಂದೇ ಹುಡುಕು ಪೆಟ್ಟಿಗೆ ಇರಲಿ. ‘ಕರ್ತೃ’, ‘ವರ್ಗ ಸಂಖ್ಯೆ’ ಮುಂತಾದ ಖಾನೆಗಳು ಬೇಕಾದವರಿಗೆ ಒಳಪುಟದಲ್ಲಿ ಸಿಗಲಿ.

ಮುಂದಿನ ಕೆಲಸ ಹೆಸರುಗಳದು. ದಾಖಲೆಯಲ್ಲಿ ‘ಪುಟ್ಟಪ್ಪ, ಕೆ.ವಿ.’ ಎಂದಿದ್ದು ಓದುಗರು ‘ಕುವೆಂಪು’ ಎಂದು ಹುಡುಕಿದಾಗ ಏನೂ ಸಿಗದಿದ್ದರೆ ತಪ್ಪು ಓದುಗರದಲ್ಲ. ಮಾರ್ಕ್ (ಕಂಪ್ಯೂಟರ್ ಓದಬಲ್ಲ ಗ್ರಂಥಾಲಯ ದಾಖಲೆಗಳ) ಮಾದರಿಯ ಅಥಾರಿಟಿ ದಾಖಲೆಯಲ್ಲಿ, ಅಂದರೆ ಒಬ್ಬ ಲೇಖಕರ ಹೆಸರಿನ ಎಲ್ಲ ರೂಪಗಳನ್ನು ಒಟ್ಟಿಗಿಡುವ ದಾಖಲೆಯಲ್ಲಿ, ಒಪ್ಪಿತ ಹೆಸರನ್ನು 100 ಸಂಖ್ಯೆಯ ಖಾನೆಯಲ್ಲಿಯೂ ಉಳಿದ ರೂಪಗಳನ್ನು 400ರಲ್ಲಿಯೂ ನಮೂದಿಸಬೇಕು. ಕನ್ನಡ ಕೀಲಿಮಣೆ ಬಾರದವರಿಗಾಗಿ ಇಂಗ್ಲಿಷ್ ಅಕ್ಷರದ ರೂಪವೂ ಅಲ್ಲಿರಲಿ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು ಈ ಪರ್ಯಾಯ ರೂಪಗಳನ್ನು ಹುಡುಕಾಟಕ್ಕೆ ಸೇರಿಸುವ ಆಯ್ಕೆಯನ್ನು ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ (ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ) ಚಾಲೂ ಮಾಡಿ, ಆ ಬಳಿಕ ಹುಡುಕಾಟಕ್ಕೆ ಆಧಾರವಾದ ಸೂಚಿಯನ್ನು (ಇಂಡೆಕ್ಸ್) ಮರುರಚಿಸಬೇಕು. ಎರಡನೆಯ ಹೆಜ್ಜೆ ಮರೆತರೆ ಮೊದಲನೆಯದು ವ್ಯರ್ಥ.

ಕನ್ನಡದಲ್ಲಿ ಇನ್ನೊಂದು ತೊಡಕು ಕಾಗುಣಿತದ್ದು. ‘ಕೊಡಗು’ ಪದದ ಒಕಾರವನ್ನು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ವ್ಯವಸ್ಥೆ) ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಹೀಗಾಗಿ ದಾಖಲೆಯನ್ನೂ ಓದುಗರು ಟೈಪಿಸಿದ್ದನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು, ಅಕ್ಷರಗಳು ಕೂಡುವುದನ್ನೂ ಬಿಡಿಯಾಗುವುದನ್ನೂ ನಿಯಂತ್ರಿಸುವ, ಕಣ್ಣಿಗೆ ಕಾಣದ ಗುರುತುಗಳನ್ನು ತೆಗೆದು ಹೋಲಿಸಬೇಕು. ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿ ಟೈಪಾದ ದಾಖಲೆಗಳನ್ನಂತೂ ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ. ‘ಬಾರತ’ ಎಂದು ಟೈಪಿಸಿದವರಿಗೆ ‘ಭಾರತ’ವೂ ಸಿಗುವಂತೆ ಅಲ್ಪಪ್ರಾಣ-ಮಹಾಪ್ರಾಣಗಳನ್ನು ಒಂದೆಂದು ಎಣಿಸುವುದು ಒಳ್ಳೆಯದು. ಆದರೆ ಈ ಔದಾರ್ಯ ಮಿತಿಮೀರಿದರೆ ‘ದನ’ ಹುಡುಕಿದ ರೈತರಿಗೆ ‘ಧನ’ ಹೂಡುವ ಪುಸ್ತಕಗಳೇ ಮೊದಲು ಬರುತ್ತವೆ! ಆದ್ದರಿಂದ ಅಕ್ಷರಶಃ ಹೊಂದುವವು ಮೇಲಿರಲಿ, ಸಡಿಲವಾಗಿ ಹೊಂದುವವು ಕೆಳಗಿರಲಿ. ‘ಕೆರೆ’ ಎಂದರೆ ‘ಕೆರೆಗಳು’, ‘ಕೆರೆಯ’ ಸಹ ಸಿಗಬೇಕೆಂದು ಪದದ ಆರಂಭವನ್ನಷ್ಟೇ ಹೋಲಿಸುವ ಉಪಾಯಕ್ಕೂ ಇದೇ ಎಚ್ಚರ ಬೇಕು. ಅದು ‘ಮರ’ ಹುಡುಕಿದವರನ್ನು ‘ಮರಣ’ಕ್ಕೂ ಕೊಂಡೊಯ್ಯುತ್ತದೆ.

ಫಲಿತಾಂಶದಲ್ಲಿ ಪುಸ್ತಕ ಒಳಗಿದೆಯೇ, ಎರವಲು ಹೋಗಿದೆಯೇ ಎಂಬುದು ಶೀರ್ಷಿಕೆಯ ಪಕ್ಕದಲ್ಲೇ ಕಾಣಬೇಕು. ಪುಸ್ತಕಗಳನ್ನು ವಿಷಯದಂತೆ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 894.8143 ಎಂದರೆ ಕನ್ನಡ ಕಥೆ-ಕಾದಂಬರಿ ಎಂಬುದು ಸಿಬ್ಬಂದಿಗೆ ಗೊತ್ತು. ಓದುಗರಿಗೆ ಬೇಕಿರುವುದು ‘ಮೊದಲ ಮಹಡಿ, ಕಿಟಕಿ ಬದಿಯ ಮೂರನೇ ಕಪಾಟು’ ಎಂಬ ಮಾತು.

ಏನೂ ಸಿಗದ ಹುಡುಕಾಟಗಳ ಪಟ್ಟಿಯನ್ನು ವಾರಕ್ಕೊಮ್ಮೆ, ಓದುಗರ ಗುರುತು ಉಳಿಸಿಕೊಳ್ಳದೆ, ತೆಗೆದು ನೋಡಬೇಕು. ಅದರಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಆ ರೂಪವನ್ನು ಅಂದೇ ಲೇಖಕರ 400ಕ್ಕೆ ಸೇರಿಸಿ. ಪುಸ್ತಕವೇ ಇಲ್ಲದಿದ್ದರೆ ಖರೀದಿ ಪಟ್ಟಿಗೆ ಬರೆದುಕೊಳ್ಳಿ.