ನಾನಕಟಾಯಿ ಬೇಯುವ ಶನಿವಾರ

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಉಳಿದ ದಿನ ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರೆ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ಆ ಎರಡು ಶನಿವಾರಗಳನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅವು ಓವನ್ ಹಚ್ಚುವ ದಿನಗಳು.

ನಾನಕಟಾಯಿಯ ಗೀಳು ಹತ್ತಿದ್ದು ಹಳೇ ಹುಬ್ಬಳ್ಳಿಯಲ್ಲಿ. ಬೇಸಿಗೆ ಸೂಟಿ ಬಂತೆಂದರೆ ನಮ್ಮವ್ವ ಮೈದಾ, ತುಪ್ಪ, ಸಕ್ಕರೆ ಅಳೆದು ಡಬ್ಬಿಗಳಿಗೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಓಣಿಯ ತುದಿಯ ಬೇಕರಿಗೆ ಹೊರಡುತ್ತಿದ್ದಳು. ಕಟ್ಟಿಗೆ ಭಟ್ಟಿ. ಸಾಮಾನು ನಮ್ಮದು, ನಾದಿ ಬೇಯಿಸಿಕೊಡುವುದು ಅವರು. ಪಾಳಿ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂಡಬೇಕು. ಒಳಗೆ ಯಾರ ತಗಡು ಹೋಗಿದೆ ಎಂಬುದು ಕಾಣುತ್ತಿರಲಿಲ್ಲ, ಆದರೆ ಅವ್ವ ಮೂಗಿನಿಂದಲೇ ಹೇಳುತ್ತಿದ್ದಳು: “ಇದು ಬ್ಯಾರೇದವರದು, ಡಾಲ್ಡಾ ಹಾಕ್ಯಾರ. ನಮ್ಮದಿನ್ನ ಒಳಗ ಹೋಗಿಲ್ಲ.” ಬಿಸಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಟಾಂಗಾದಲ್ಲಿ ಬರುವಾಗ ಸಿಕ್ಕ ಆ ತುಪ್ಪ-ಏಲಕ್ಕಿಯ ವಾಸನೆ ನನಗೆ ಬೇರೆ ಯಾವ ಅತ್ತರಿನಲ್ಲೂ ಸಿಕ್ಕಿಲ್ಲ.

ಈಗ ಅವ್ವನಿಗೆ 74. ಕಣ್ಣು ಮಂಜಾಗಿದೆ, ಮೂಗು ಹಾಗೇ ಇದೆ.

ಮೂರು ವರ್ಷದ ಹಿಂದೆ 25 ಲೀಟರಿನ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್, ತಂದಾಗ ನಾನು ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದೆ. ಶ್ರಾವಣದ ಜಿಟಿಜಿಟಿ ಮಳೆ, ಕಿಟಕಿ ಮುಚ್ಚಿದ್ದೆ. ಪಡಸಾಲೆಯಲ್ಲಿ ಲ್ಯಾವೆಂಡರ್ ಎಣ್ಣೆಯ ಡಿಫ್ಯೂಸರ್, ಮೇಜಿನ ಮೇಲೆ ಪರಿಮಳದ ಮೇಣಬತ್ತಿ, ದೇವರ ಮುಂದೆ ಊದುಬತ್ತಿ, ಅಡುಗೆಮನೆಯಲ್ಲಿ ನಾನಕಟಾಯಿ. ಅರ್ಧ ತಾಸಿನಲ್ಲಿ ನನಗೆ ತಲೆನೋವು ಬಂತು, ತಟ್ಟೆಯಲ್ಲಿದ್ದ ಅಷ್ಟೂ ತಳ ಕರಕಾದವು. ಸೀಯುವ ವಾಸನೆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. “ಇಷ್ಟೆಲ್ಲಾ ಹಚ್ಚಿಟ್ಟರ ಮೂಗಿಗೆ ಏನ ತಿಳೀಬೇಕವಾ?” ಎಂದಳು ಅವ್ವ. ಅವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಪರಿಮಳ, ಓವನ್ ಉರಿಯುವಾಗ ಓವನ್ನಿನದು ಮಾತ್ರ.

ಬೆಳಿಗ್ಗೆ ಲೋಬಾನದ ಪಾಳಿ. ಧಾರವಾಡದ ಮಳೆಗಾಲದಲ್ಲಿ ಹಂಚಿನ ಮನೆಯ ಗೋಡೆ, ಹಾಸಿಗೆ, ಕಪಾಟು ಎಲ್ಲಕ್ಕೂ ಮುಗ್ಗಿದ ವಾಸನೆ ಹತ್ತುತ್ತದೆ. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನದ ಪುಡಿ ಉದುರಿಸಿ ಕೋಣೆಯಿಂದ ಕೋಣೆಗೆ ಒಯ್ಯುತ್ತೇನೆ. ಕಿಟಕಿ ತೆರೆದೇ ಇರಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಜೀವಕ್ಕೆ ಅಪಾಯ, ಪರಿಮಳ ಎಷ್ಟೇ ಚೆನ್ನಾಗಿದ್ದರೂ ಹೊಗೆ ಹೊಗೆಯೇ. 10 ಗಂಟೆಗೆ ಕೆಂಡ ಆರಿಸಿದರೆ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿಳಿಯಾಗಿರುತ್ತದೆ. ಬಟ್ಟೆಯ ಕಪಾಟಿಗೆ ಲೋಬಾನ ತೋರಿಸುವುದಿಲ್ಲ. ಅಲ್ಲಿ ಹಾವೇರಿಯ ಏಲಕ್ಕಿ ಹಾರ ತೂಗುಹಾಕಿದ್ದೇನೆ, ಅಕ್ಕನ ಊರಿನ ಸನ್ಮಾನವೊಂದರಲ್ಲಿ ಭಾವನ ಕೊರಳಿಗೆ ಬಿದ್ದದ್ದು. ಅದರ ಏಲಕ್ಕಿಯನ್ನು ಅಡುಗೆಗೆ ಬಿಡಿಸುವುದಿಲ್ಲ. ಸೀರೆಗಳಿಗೆ ತೆಳುವಾದ ಘಮ ಹತ್ತುತ್ತದೆ, ಅಷ್ಟು ಸಾಕು.

ಇನ್ನು ಹಿಟ್ಟು. ಬರೀ ಮೈದಾದ ನಾನಕಟಾಯಿ ಬಾಯಲ್ಲಿ ಕರಗುತ್ತದೆ ನಿಜ, ಆದರೆ ಅದಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಜವೆಗೋಧಿ ಹಿಟ್ಟು ತಂದೆ. ಹುಗ್ಗಿಗೆ, ಮಾದಲಿಗೆ ನಾವು ಬಳಸುವ ಅದೇ ಗೋಧಿ. ಇದರ ಅಂಟು ಮೈದಾದಷ್ಟು ಎಳೆಯುವುದಿಲ್ಲ, ಪುಡಿಪುಡಿಯಾಗಬೇಕಾದ ತಿನಿಸಿಗೆ ಅದೇ ಅನುಕೂಲ. ಹಲವು ಸಲ ಮಾಡಿ ನಿಂತ ನನ್ನ ಅಳತೆ ಇದು: ಜವೆಗೋಧಿ ಹಿಟ್ಟು 100 ಗ್ರಾಂ, ಮೈದಾ 100, ಕಡಲೆಹಿಟ್ಟು 25, ಪುಡಿ ಸಕ್ಕರೆ 100, ತುಪ್ಪ 120, ಬೇಕಿಂಗ್ ಪೌಡರ್ ಕಾಲು ಚಮಚ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಆರು. ಏಲಕ್ಕಿಯನ್ನು ಅಂದೇ ಬಿಡಿಸಿ, ಒಂದು ಚಮಚ ಸಕ್ಕರೆ ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಬೇಕು. ಅದರ ಎಣ್ಣೆ ಬೇಗ ಆರಿಹೋಗುವಂಥದು, ಸಕ್ಕರೆ ಜೊತೆಗಿದ್ದರೆ ಹಿಡಿದುಕೊಳ್ಳುತ್ತದೆ. ತಿಂಗಳ ಹಿಂದೆ ಪುಡಿ ಮಾಡಿಟ್ಟ ಏಲಕ್ಕಿ ಹಾಕುವುದಕ್ಕಿಂತ ಹಾಕದಿರುವುದೇ ಮೇಲು.

ಎಲ್ಲಕ್ಕಿಂತ ಮುಖ್ಯ ತುಪ್ಪ. ಹೆರೆತ ತುಪ್ಪವೇ ಬೇಕು, ಕಾಯಿಸಿದ್ದಲ್ಲ. ಮೊದಮೊದಲು ಅವಸರಕ್ಕೆ ಕರಗಿಸಿ ಹಾಕಿ ತಟ್ಟೆ ತುಂಬ ಹರಡಿ ಒಂದಕ್ಕೊಂದು ಅಂಟಿದ್ದನ್ನು ಕಂಡಿದ್ದೇನೆ. ಈಗ ಅಗಲ ಪರಾತದಲ್ಲಿ ತುಪ್ಪ, ಸಕ್ಕರೆ ಹಾಕಿ ಅಂಗೈಯ ಬುಡದಿಂದ ಹತ್ತು ನಿಮಿಷ ತಿಕ್ಕುತ್ತೇನೆ. ಹಳದಿ ಬಣ್ಣ ಹೋಗಿ ಬೆಳ್ಳಗೆ, ಬೆಣ್ಣೆಯಂತೆ ಹಗುರಾಗಬೇಕು. ಒಳಗೆ ಸೇರಿದ ಆ ಗಾಳಿಯೇ ಮುಂದೆ ನಾನಕಟಾಯಿಯ ಮೈಯಲ್ಲಿ ಬಿರುಕು ಬಿಡಿಸುವುದು. ಸಾಣಿಗೆ ಹಿಡಿದ ಹಿಟ್ಟನ್ನು ಆಮೇಲೆ ಸೇರಿಸಿ ಬರೀ ಕೂಡಿಸಬೇಕು, ನಾದಬಾರದು. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟರೆ ತುಪ್ಪ ಗಟ್ಟಿಯಾಗುತ್ತದೆ. 20 ಗ್ರಾಮಿನ ಉಂಡೆ ಮಾಡಿ ಸ್ವಲ್ಪ ಒತ್ತಿದರೆ 22 ಆಗುತ್ತವೆ.

ಓವನ್ನನ್ನು 160 ಡಿಗ್ರಿಗೆ ಹತ್ತು-ಹದಿನೈದು ನಿಮಿಷ ಮೊದಲೇ ಕಾಯಿಸುತ್ತೇನೆ. ಒಳಗಿಡುವ ಪುಟ್ಟ ಉಷ್ಣಮಾಪಕ ಕೊಂಡ ಮೇಲೆಯೇ ಗೊತ್ತಾದದ್ದು, ನನ್ನ ಓವನ್ನಿನ ಗುಂಡಿ 160 ಅಂದರೆ ಒಳಗೆ 180 ಇರುತ್ತದೆ. ಯಾರಾದರೂ ಓಟಿಜಿ ಕೊಳ್ಳುವವರಿದ್ದರೆ ಆ ಮಾಪಕವನ್ನು ಜೊತೆಗೇ ತನ್ನಿ.

ತಟ್ಟೆ ಒಳಗೆ ಹೋದ ಮೇಲೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಳ್ಳುತ್ತಾಳೆ. ಐದಾರು ನಿಮಿಷಕ್ಕೆ ಬಿಸಿ ತುಪ್ಪದ ವಾಸನೆ. ಹತ್ತಕ್ಕೆ ಸಿಹಿ ಬರುತ್ತದೆ, ಅದರ ಬೆನ್ನಿಗೇ ಕಡಲೆಹಿಟ್ಟಿನ ಹಸಿ ವಾಸನೆ. “ಇನ್ನ ಹಸಿ ಐತಿ, ತಡಿ.” ಹದಿನೈದು ದಾಟಿದ ಮೇಲೆ ಅದು ತಿರುಗುತ್ತದೆ. ಬೇಸನ್ ಉಂಡಿಗೆ ಹಿಟ್ಟು ಹುರಿಯುವಾಗ ಬರುವ ಘಮ, ಅದರ ಮೇಲೆ ಏಲಕ್ಕಿ. ಹಿಟ್ಟಿನಲ್ಲಿ ತೇವ ಇರುವವರೆಗೆ ಅದರ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೇಲ್ಮೈ ಒಣಗಿ 140ರ ಹತ್ತಿರ ಬಂದಾಗ ಪ್ರೋಟೀನು, ಸಕ್ಕರೆ ಕೂಡಿ ಕೆಂಪೇರಿ ನೂರೆಂಟು ಪರಿಮಳಗಳು ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಅವ್ವನಿಗೆ ಆ ಹೆಸರು ಬೇಕಿಲ್ಲ. ಘಮ ತಿರುಗಿದ ಎರಡು ನಿಮಿಷಕ್ಕೆ “ಈಗ ತಗಿ” ಅನ್ನುತ್ತಾಳೆ. ಗಡಿಯಾರ ನೋಡಿದರೆ 18 ಆಗಿರುತ್ತದೆ, ಕೆಲವೊಮ್ಮೆ 20. ಮುಟ್ಟಿದರೆ ಆಗ ಇನ್ನೂ ಮೆತ್ತಗಿರುತ್ತವೆ. ಗಟ್ಟಿಯಾಗಲೆಂದು ಮತ್ತೆ ಒಳಗಿಟ್ಟರೆ ಕೆಟ್ಟವು, ಆರುತ್ತ ತಾವೇ ಗಟ್ಟಿಯಾಗುತ್ತವೆ.

ಒಮ್ಮೆ ಬೇಯುವ ನಡುವೆ ಕರೆಂಟ್ ಹೋಯಿತು. ದಪ್ಪ ತಳದ ಅಲ್ಯೂಮಿನಿಯಂ ಬೋಗುಣಿಯ ತಳಕ್ಕೆ ಉಪ್ಪು ಹರವಿ, ಮೇಲೊಂದು ಸ್ಟ್ಯಾಂಡು, ಅದರ ಮೇಲೆ ತಟ್ಟೆ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಉಳಿದದ್ದನ್ನು ಬೇಯಿಸಿದೆ. ಮೇಲೆ ಬಣ್ಣ ಬರಲಿಲ್ಲ, ರುಚಿ ಬಂತು. ಓವನ್ ಇಲ್ಲದವರು ಹೀಗೇ ಶುರು ಮಾಡಬಹುದು.

ತಟ್ಟೆ ಹೊರಬಂದ ಮೇಲೆ ಓವನ್ ಬಿಸಿಯಾಗಿಯೇ ಇರುತ್ತದೆ. ಆಗ ಕಾಲು ಕಿಲೋ ಶೇಂಗಾ ಹರವಿ 150 ಡಿಗ್ರಿಯಲ್ಲಿ ಹದಿನೈದು ನಿಮಿಷ ಹುರಿದುಬಿಡುತ್ತೇನೆ, ನಡುವೆ ಒಮ್ಮೆ ಕೈಯಾಡಿಸಬೇಕು. ವಾರದ ಶೇಂಗಾ ಚಟ್ನಿಪುಡಿಗೆ ಅದೇ. ನಾನಕಟಾಯಿಯ ಘಮದ ಹಿಂದೆಯೇ ಶೇಂಗಾದ್ದು ಬಂದು ಪಡಸಾಲೆವರೆಗೆ ನಿಲ್ಲುತ್ತದೆ. ಓಣಿಯ ಹುಡುಗರು ಆ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುತ್ತಾರೆ, ಅವರಿಗೆಂದೇ ಆರು ತೆಗೆದಿಟ್ಟಿರುತ್ತೇನೆ.

ರಾತ್ರಿ ಊಟವಾದ ಮೇಲೆ ಕಿತ್ತಳೆ ಸಿಪ್ಪೆ, ಒಂದು ತುಂಡು ದಾಲ್ಚಿನ್ನಿ, ಎರಡು ಲವಂಗ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಡಿಫ್ಯೂಸರನ್ನು ಗೆಳತಿಗೆ ಕೊಟ್ಟಾಯಿತು. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ನಾನು ಕಾಲು ಚಾಚಿ ಕೂಡುತ್ತೇನೆ. ಅವ್ವ ಚಹಾಕ್ಕೆ ಅದ್ದಿ ಒಂದೇ ಒಂದು ತಿನ್ನುತ್ತಾಳೆ. ಎರಡನೆಯದು ಕೊಟ್ಟರೆ ಬೇಡ ಅನ್ನುತ್ತಾಳೆ. ಭಾನುವಾರ ಮುಂಜಾನೆ ಎದ್ದವಳೇ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾಳೆ.

“ಈಗ ಬಂತ ನೋಡ, ಏಲಕ್ಕಿ. ನಿನ್ನಿ ಬರೇ ತುಪ್ಪ ಇತ್ತು.”