ತಲೆ ಉಳಿಸಿದ್ದು ಒಂದು ಕೀಪ್ಯಾಡ್ ಫೋನು

ಕೋವಿಡ್ ವಾರ್ಡಿನಲ್ಲಿ ರೋಗಿಗಳ ಮನೆಯವರ ಜೊತೆ ಫೋನಿನಲ್ಲಿ ಮಾತಾಡಲೆಂದೇ ನಾನೊಂದು ರೋಟಾ, ಅಂದರೆ ಪಾಳಿ ಪಟ್ಟಿ, ಮಾಡಿದ್ದೆ. ಅಂದು ನಕ್ಕವರೇ ಈಗ ಅದರ ಫೋಟೋ ಕಳಿಸು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2021ರ ಏಪ್ರಿಲ್, ಕೋವಿಡ್‌ನ ಎರಡನೇ ಅಲೆ. ಮಧ್ಯ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮೆಡಿಸಿನ್ ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಾ ಡ್ಯೂಟಿ ಮಾಡುವ ಡಾಕ್ಟರ್. ಎರಡನೇ ವರ್ಷ ಮುಗಿಸುತ್ತಿದ್ದೆ. ಪಿಜಿಗೆ ಸೇರಲು ಬರೆಯುವ ಪರೀಕ್ಷೆ ನೀಟ್ ಪಿಜಿ ಏಪ್ರಿಲ್ 18ಕ್ಕೆ ಇತ್ತು, ಮುಂದಕ್ಕೆ ಹೋಯಿತು. ಮೇ 3ಕ್ಕೆ ಇನ್ನೂ ನಾಲ್ಕು ತಿಂಗಳು ಅಂದರು. ಕೊನೆಗೆ ನಡೆದದ್ದು ಸೆಪ್ಟೆಂಬರ್ 11ಕ್ಕೆ. ಅಂದರೆ ಹೊಸ ಜೂನಿಯರ್‌ಗಳೇ ಇಲ್ಲ. ನಾವು ಒಂಬತ್ತು ಜನ, ನಾಲ್ಕೈದು ಹೌಸ್ ಸರ್ಜನ್‌ಗಳು (ಎಂಬಿಬಿಎಸ್‌ನ ಕೊನೆಗೆ ತರಬೇತಿಯಲ್ಲಿರುವವರು), ಅರವತ್ತಕ್ಕೂ ಜಾಸ್ತಿ ಆಕ್ಸಿಜನ್ ಬೆಡ್. ಅಲೆ ಹೇಗಿತ್ತು ಅಂತ ನಿಮಗೇ ಗೊತ್ತಲ್ವಾ, ಬಿಡಿ.

ತಲೆ ಕೆಡದಿರಲು ಏನೇನೋ ಮಾಡಿದೆವು. ಮೊದಲು ಸೋತ ಲೆಕ್ಕ. ಧ್ಯಾನದ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಸುಮಾರು 1,500 ರೂಪಾಯಿ. ನಾಲ್ಕು ದಿನ ನಡೆಯಿತು. "ಉಸಿರನ್ನು ಗಮನಿಸಿ" ಅಂತ ಅದರಲ್ಲೊಬ್ಬಳು ಹೇಳುತ್ತಾಳೆ. ದಿನವಿಡೀ ಬೇರೆಯವರ ಉಸಿರು ಎಣಿಸಿ ಬಂದವನಿಗೆ ಅದೆಂಥ ಶಿಕ್ಷೆ! ಆಮೇಲೆ ಒತ್ತಡ ನಿಭಾಯಿಸುವುದು ಹೇಗೆ ಅನ್ನೋ ವೆಬಿನಾರ್. ಹಾಜರಿ ಕಡ್ಡಾಯ, ಸಮಯ ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ. ಕ್ಯಾಮೆರಾ ಆಫ್ ಮಾಡಿ ಒಂಬತ್ತೂ ಜನ ಮಲಗಿದೆವು. ಹಾಸ್ಟೆಲ್ ತಾರಸಿಯ ಮೇಲೆ ಸ್ಕಿಪ್ಪಿಂಗ್ ಶುರು ಮಾಡಿದೆವು, ಕೆಳಗಿನ ಮಹಡಿಯಲ್ಲಿ ಕ್ವಾರಂಟೈನ್‌ನಲ್ಲಿದ್ದವರು ಕೂಗಾಡಿದರು. ದಂಡವಾಗದೆ ಉಳಿದ ಖರ್ಚು ಅಡುಗೆಯವರದ್ದು ಮಾತ್ರ. ಮೆಸ್ ಮುಚ್ಚಿತ್ತು. ತಲಾ 1,500 ಹಾಕಿ ಒಬ್ಬ ಅಜ್ಜಿಯನ್ನು ಒಪ್ಪಿಸಿದೆವು. ಸ್ಟೈಪೆಂಡ್ ಬರುವುದು ತಡವಾದ ತಿಂಗಳೂ ಅಜ್ಜಿಗೆ ತಪ್ಪಿಸಲಿಲ್ಲ.

ಒಂದು ದಿನ ಸುಮ್ನೆ ಎಣಿಸಿದೆ. ಪಿಪಿಇ ಅನ್ನೋ ಮೈಮುಚ್ಚುವ ರಕ್ಷಣಾ ಉಡುಪಿನ ಒಳಗೆ ಜಿಪ್ ಕವರಿನಲ್ಲಿದ್ದ ನನ್ನ ಫೋನಿಗೆ ಒಂದೇ ಶಿಫ್ಟ್‌ನಲ್ಲಿ ಬಂದ ಕರೆ ಹೆಚ್ಚುಕಡಿಮೆ 60. ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತದ್ದು ಟಿವಿಯಲ್ಲಿ ಬಂದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಸಾರ್, ಆಕ್ಸಿಜನ್ ಇದೆ ತಾನೆ?" ಒಬ್ಬರಿಗೆ ಬೈಪ್ಯಾಪ್ (ಉಸಿರಾಟಕ್ಕೆ ನೆರವಾಗುವ ಯಂತ್ರ) ಮಾಸ್ಕ್ ಕಟ್ಟುವಾಗ ಇನ್ನೊಬ್ಬರ ಮಗನ ಕರೆ. ಎತ್ತಿದರೆ ಕೈಯಲ್ಲಿರುವ ಕೆಲಸ ಕೆಡುತ್ತದೆ. ಎತ್ತದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಸಾವಿಗಿಂತ ಜಾಸ್ತಿ ನಮ್ಮನ್ನು ತಿನ್ನುತ್ತಿದ್ದದ್ದು ಈ ರಿಂಗ್ ಅಂತ ನನಗೆ ಅನಿಸಿದ್ದು ಆಗ.

ದಿನಕ್ಕೊಬ್ಬ ಪಿಜಿ, ಒಬ್ಬ ಹೌಸ್ ಸರ್ಜನ್ ವಾರ್ಡಿನ ಹೊರಗೇ ಇರಬೇಕು. ಪಿಪಿಇ ಇಲ್ಲ, ಬರೀ ಫೋನ್ ಡ್ಯೂಟಿ. ನಾನು ಕೇಳಿದ್ದು ಇಷ್ಟೇ. ಯೂನಿಟ್ ಹೆಡ್ ಕನ್ನಡಕ ತೆಗೆದು ನೋಡಿದರು. "ವಾರ್ಡಿಗೇ ಜನ ಇಲ್ಲ, ನೀನು ಇಬ್ಬರನ್ನ ಹರಟೆಗೆ ಕೂರಿಸ್ತೀಯಾ?" ಸ್ನೇಹಿತರು ನನಗೆ ಕಾಲ್ ಸೆಂಟರ್ ಅಂತ ಹೆಸರಿಟ್ಟರು. ಹೆಡ್ ಕೊನೆಗೆ ಹೇಗೆ ಒಪ್ಪಿದರು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಬಂಡವಾಳ.

ಎರಡು ಕೀಪ್ಯಾಡ್ ಫೋನು, ಒಂದಕ್ಕೆ 1,300ರ ಆಸುಪಾಸು. ಲಾಕ್‌ಡೌನ್‌ನಲ್ಲಿ ಅಂಗಡಿಯ ಅರ್ಧ ಶಟರ್ ಎತ್ತಿಸಿ ತಂದದ್ದು. ಸಿಮ್‌ಗೆ ತಿಂಗಳಿಗೆ ಇನ್ನೂರು ಚಿಲ್ಲರೆ. ನಮ್ಮ ಸ್ವಂತ ನಂಬರ್ ಯಾರಿಗೂ ಕೊಡಬಾರದು ಅಂತ ಆಣೆ ಮಾಡಿಸಿದೆ.

ಮೊದಲ ವಾರ ಪೂರ್ತಿ ಎಡವಟ್ಟು. ಬೆಳಿಗ್ಗೆ 11ಕ್ಕೆ ಕರೆ ಮಾಡುತ್ತಿದ್ದೆವು. ರೌಂಡ್ಸ್ ಮುಗಿದಿರುತ್ತಿರಲಿಲ್ಲ, ರಿಪೋರ್ಟ್ ಬಂದಿರುತ್ತಿರಲಿಲ್ಲ. "ನೋಡಿ ಹೇಳ್ತೀವಿ" ಅಂದರೆ ಅವರು ಹತ್ತು ಸಲ ವಾಪಸ್ ಮಾಡುತ್ತಿದ್ದರು. ಒಂದೇ ಮನೆಯ ಮೂವರಿಗೆ ಮೂರು ತರಹ ಹೇಳಿ ಜಗಳವೂ ಆಯಿತು. ಆಮೇಲೆ ಒಬ್ಬ ಪೇಷಂಟಿಗೆ ಒಂದೇ ನಂಬರ್, ಸಮಯ ಮಧ್ಯಾಹ್ನ 3ರ ಮೇಲೆ ಅಂತ ಮಾಡಿದೆವು. ಅವರು ಮಾಡುವ ಮೊದಲು ನಾವೇ ಮಾಡಬೇಕು. ಎರಡು ಫೋನಿನಲ್ಲಿ 5ರೊಳಗೆ ಮುಗಿಯುತ್ತಿತ್ತು.

ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 88 ಅಂದರೆ ಮನೆಯವರು ಗಾಬರಿ ಬೀಳುತ್ತಾರೆ. 92 ಅಂದರೆ "ನಿನ್ನೆ 93 ಇತ್ತಲ್ಲ" ಅನ್ನುತ್ತಾರೆ. ಹಾಗಾಗಿ ವಾರ್ಡಿನೊಳಗೆ ಇರುವವರು ಪ್ರತಿ ಬೆಡ್‌ಗೂ ಒಂದು ಸಣ್ಣ ಸುದ್ದಿ ಬರೆದು, ಹಾಳೆಯನ್ನು ಗಾಜಿನ ಬಾಗಿಲಿಗೆ ಒತ್ತಿ ಹಿಡಿಯಬೇಕು. ಹೊರಗಿರುವವರು ಅದರ ಫೋಟೋ ತೆಗೆಯಬೇಕು. "14: ಒಂದೂವರೆ ಇಡ್ಲಿ. ಚಟ್ನಿ ಸಪ್ಪೆ ಅಂತ ಬೈದರು." ಇದನ್ನು ಓದಿ ಹೇಳಿದಾಗ ಆ ಕಡೆ ಮಗಳು ಜೋರಾಗಿ ನಕ್ಕಳು. "ಹಂಗಾದ್ರೆ ನಮ್ಮಪ್ಪನೇ ಬಿಡಿ ಸಾರ್" ಅಂದಳು. ಅವತ್ತು ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ನನಗೂ ಆ ನಗು ಎರಡು ದಿನಕ್ಕೆ ಸಾಕಾಯಿತು.

ಸಾವಿನ ಕರೆಗೆ ಬೇರೆ ನಿಯಮ. ಒಬ್ಬರೇ ಮಾಡಬಾರದು. ಇನ್ನೊಬ್ಬರು ಪಕ್ಕದಲ್ಲಿ ಕೂತಿರಬೇಕು, ಮಾತಾಡದಿದ್ದರೂ ಪರವಾಗಿಲ್ಲ. ಮೊದಲ ಪ್ರಶ್ನೆ, "ಗಾಡಿ ಓಡಿಸ್ತಿದ್ದೀರಾ?" ಎರಡನೆಯದು, "ಜೊತೆಗೆ ಯಾರಿದ್ದಾರೆ?" ಮೊದಲನೆಯದನ್ನು ಕಲಿತದ್ದು ಒಂದು ತಪ್ಪಿನಿಂದ. ಬೈಕಿನಲ್ಲಿದ್ದ ಮಗನಿಗೆ ನಾನೇ ಹೇಳಿಬಿಟ್ಟಿದ್ದೆ. ಅವನು ಬಿದ್ದ, ಮೊಣಕೈ ತರಚಿತು ಅಷ್ಟೇ. ಆದರೆ ಫೋನಿನಲ್ಲಿ ಕೇಳಿದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಇಂಥ ಕರೆ ಮೂರಾದ ಮೇಲೆ ಫೋನು ಕೈ ಬದಲಾಗಬೇಕು, ಹೀರೋಗಿರಿ ಬೇಡ.

ನಡುವೆ ಕೆಲವು ಹುಚ್ಚು ಪ್ರಯೋಗಗಳೂ ಆದವು. ಪಿಪಿಇ ಹಾಕುವ ಮೊದಲು, ಬಿಚ್ಚಿದ ಮೇಲೆ ತೂಕ ನೋಡಿಕೊಂಡೆವು. ಆರು ಗಂಟೆಗೆ ಒಂದು ಕೆಜಿ ಹತ್ತಿರ ಇಳಿದಿತ್ತು, ಎಲ್ಲಾ ಬೆವರು. ಶಿಫ್ಟಿಗೆ ಮೊದಲು ಕಾಫಿ ಬಿಟ್ಟು ಓಆರ್‌ಎಸ್ ಕುಡಿದರೆ ತಲೆನೋವು ಕಡಿಮೆ ಅಂತ ಐದು ಜನ ಒಪ್ಪಿದರು, ನಾಲ್ಕು ಜನ ಕಾಫಿ ಬಿಡಲಿಲ್ಲ. ಗಾಗಲ್ಸ್ ಮಂಜಾಗದಿರಲು ಪಾತ್ರೆ ತೊಳೆಯುವ ಲಿಕ್ವಿಡ್ ಸವರಿದೆವು. ಒಬ್ಬ ಜಾಸ್ತಿ ಸವರಿ ಇಡೀ ಶಿಫ್ಟ್ ಅತ್ತ. ಅವನು ಅತ್ತದ್ದಕ್ಕೆ ಸೋಪೇ ಕಾರಣ ಅಂತ ನಾವೆಲ್ಲ ಒಪ್ಪಿಕೊಂಡೆವು.

ಎಲ್ಲರಿಗೂ ಆಗಿಬರಲಿಲ್ಲ ಅನ್ನೋದನ್ನೂ ಹೇಳಬೇಕು. ನಮ್ಮಲ್ಲೊಬ್ಬಳು ಊಟ ಬಿಟ್ಟಳು, ಸ್ನಾನಕ್ಕೆ ಹೋದರೆ ಒಂದು ಗಂಟೆ. ಅದು ರೋಟಾಕ್ಕೆ ಬಗ್ಗುವ ಕೇಸಲ್ಲ. ಸೈಕಿಯಾಟ್ರಿ ಪಿಜಿಯನ್ನು ನಾನೇ ರೂಮಿಗೆ ಕರೆದುಕೊಂಡು ಹೋದೆ. ಔಷಧಿ, ಮೂರು ವಾರ ರಜೆ. ರಜೆ ಚೀಟಿಯಲ್ಲಿ ಜ್ವರ ಅಂತ ಬರೆಯಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಿಟ್ಟು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಈಗ ಆ ನಂಬರ್ ನಮ್ಮ ಡ್ಯೂಟಿ ರೂಮಿನ ಬಾಗಿಲ ಹಿಂದೆ ಅಂಟಿಸಿದೆ.

ಜೂನ್ ಮುಗಿಯುವ ಹೊತ್ತಿಗೆ ನನಗೆ ದಿನಕ್ಕೆ ಐದು ಗಂಟೆ ನಿದ್ದೆ ಬರುತ್ತಿತ್ತು. ಮೊದಲು ಮೂರೂ ಇರಲಿಲ್ಲ. ನಮ್ಮ ಯೂನಿಟ್‌ನಲ್ಲಿ ವಾರ್ಡ್ ಬಾಗಿಲಿಗೆ ಬಂದು ಗಲಾಟೆ ಮಾಡಿದವರು ಒಂದಿಬ್ಬರು ಅಷ್ಟೇ. ಪಕ್ಕದ ಯೂನಿಟ್‌ನವರನ್ನು ಕೇಳಬೇಡಿ. ಹೆಡ್ ಒಂದು ದಿನ ಏನೂ ಹೇಳದೆ ಮೂರನೇ ಫೋನು ತಂದು ಟೇಬಲ್ ಮೇಲಿಟ್ಟು ಹೋದರು.

2024ರ ಮಳೆಗಾಲದಲ್ಲಿ ಡೆಂಗ್ಯೂ ವಾರ್ಡ್ ತುಂಬಿದಾಗ ನಮ್ಮ ಪಿಜಿಗಳು ಅದೇ ರೋಟಾ ಎತ್ತಿಕೊಂಡರು. ಈ ಸಲ ಎಲ್ಲರದ್ದೂ ಪ್ಲೇಟ್‌ಲೆಟ್ ಎಷ್ಟು, ಪಪ್ಪಾಯಿ ಎಲೆ ರಸ ಕೊಡಬಹುದಾ ಅನ್ನೋ ಪ್ರಶ್ನೆ. ಹುಡುಗರು ವಿಡಿಯೋ ಕಾಲ್ ಬೇರೆ ಸೇರಿಸಿದ್ದಾರೆ. ನನಗೆ ಅದು ಇಷ್ಟವಿಲ್ಲ, ಒಮ್ಮೆ ಮುಖ ತೋರಿಸಿದರೆ ದಿನಾ ತೋರಿಸಬೇಕು. ಹೇಳಿದೆ, ಕೇಳಲಿಲ್ಲ. ಸಣ್ಣ ಸುದ್ದಿಯ ಹಾಳೆ ಮಾತ್ರ ಹಾಗೇ ಇಟ್ಟುಕೊಂಡಿದ್ದಾರೆ. ಒಂದು ದಿನ ಇಣುಕಿ ನೋಡಿದೆ. "6: ಮಂಡಕ್ಕಿ ಕೇಳಿದರು. ಕೊಡಲಿಲ್ಲ. ಮುನಿಸು."