ಓಡಿಹೋದ ಉತ್ತರನೇ ನಮ್ಮ ನಾಟಕದ ಹೀರೋ

ಗದಗ-ಬೆಟಗೇರಿಯಲ್ಲಿ ಶಾಲೆ ಮಕ್ಕಳಿಗೆ ನಾಟಕ ಕಲಿಸುವುದು ನನ್ನ ಕೆಲಸ. ಕಥೆ ಆರಿಸುತ್ತೇನೆ, ಅವರ ಬಾಯಿಗೆ ಹೊಂದುವ ಹಾಗೆ ಮಾತು ಬರೆಯುತ್ತೇನೆ, ಬೇಸಿಗೆ ರಜೆಯಲ್ಲಿ ತಾಲೀಮು ಮಾಡಿಸುತ್ತೇನೆ. ವಿರಾಟಪರ್ವದ ಉತ್ತರಕುಮಾರನನ್ನು ರಂಗಕ್ಕೆ ತಂದಾಗ ನನಗೆ ದಾರಿ ತೋರಿಸಿದ್ದು ‘ನಾಯಕನ ಪಯಣ’ ಎಂಬ ವಿಚಾರ. ಅದನ್ನು ಎಲ್ಲಿ ಹಿಡಿದುಕೊಂಡೆ, ಎಲ್ಲಿ ಕೈಬಿಟ್ಟೆ ಅಂತ ಬರೆದರೆ ಮಕ್ಕಳ ನಾಟಕ ಮಾಡಿಸುವ ಬೇರೆಯವರಿಗೂ ಉಪಯೋಗವಾದೀತು.

ಈ ವಿಚಾರವನ್ನು ಹೆಸರುವಾಸಿ ಮಾಡಿದವರು ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್. 1949ರ ಅವರ ಪುಸ್ತಕದ ವಾದ ಇಷ್ಟು. ಲೋಕದ ಪುರಾಣಗಳಲ್ಲೆಲ್ಲ ನಾಯಕ ಮನೆ ಬಿಟ್ಟು ಹೊರಡುತ್ತಾನೆ, ಗೊತ್ತಿಲ್ಲದ ಜಾಗದಲ್ಲಿ ಪರೀಕ್ಷೆ ಎದುರಿಸುತ್ತಾನೆ, ಏನೋ ಗಳಿಸಿ ಮರಳುತ್ತಾನೆ. ಇದನ್ನು ಅವರು 17 ಹಂತಗಳಾಗಿ ಬಿಡಿಸಿದರು. ಅದಕ್ಕೂ ಮೊದಲು, 1909ರಲ್ಲಿ, ವಾನ್ ಗೆನೆಪ್ ಎಂಬ ವಿದ್ವಾಂಸರು ಹುಟ್ಟು, ಮದುವೆ, ಸಾವಿನ ಆಚರಣೆಗಳಲ್ಲಿ ಇಂಥದೇ ಮೂರು ಹಂತ ಗುರುತಿಸಿದ್ದರು. ಬೇರೆಯಾಗುವುದು, ನಡುವೆ ಉಳಿಯುವುದು, ಮತ್ತೆ ಸೇರುವುದು. ಕ್ಯಾಂಪ್‌ಬೆಲ್ ಹಂತಗಳನ್ನು ಆಮೇಲೆ ಹಾಲಿವುಡ್‌ನ ಕ್ರಿಸ್ಟೋಫರ್ ವೋಗ್ಲರ್ 12ಕ್ಕೆ ಇಳಿಸಿದರು. ಚಿತ್ರಕಥೆ ಬರೆಯುವವರು ಜಾಸ್ತಿ ಬಳಸುವುದು ಅದನ್ನೇ.

ಮಕ್ಕಳ ಮುಂದೆ ನಾನು 17 ಹಂತವನ್ನೂ ಇಡಲಿಲ್ಲ, 12ನ್ನೂ ಇಡಲಿಲ್ಲ. ಮೊದಲು ಅವರಿಂದಲೇ ಅಜ್ಜಿ ಕಥೆ ಹೇಳಿಸಿದೆ. ಕಿರಿಮಗ ಬುತ್ತಿ ಕಟ್ಟಿಕೊಂಡು ಹೊರಡುತ್ತಾನೆ. ಅಡವಿಯಲ್ಲಿ ಹಸಿದ ಮುದುಕಿಗೆ ಅರ್ಧ ರೊಟ್ಟಿ ಕೊಡುತ್ತಾನೆ. ರಾಕ್ಷಸನ ಜೀವ ಯಾವ ಗಿಳಿಯಲ್ಲಿದೆ ಅಂತ ಅವಳು ಹೇಳಿಕೊಡುತ್ತಾಳೆ. ಕಥೆ ಮುಗಿದ ಮೇಲೆ ಬೋರ್ಡಿನ ಮೇಲೆ ಮೂರೇ ಪ್ರಶ್ನೆ ಬರೆದೆ. ಏನು ಬಿಟ್ಟು ಹೋದ? ಅಲ್ಲಿ ಏನಾಯ್ತು? ಏನು ತಂದ? ಮಕ್ಕಳು ತಾವು ಕೇಳಿದ ಕಥೆಗಳನ್ನೆಲ್ಲ ಅದರಲ್ಲಿ ತೂಗಿ ನೋಡತೊಡಗಿದರು.

ಆಮೇಲೆ ಉತ್ತರಕುಮಾರನ ಸರದಿ. ನಮ್ಮ ಕಡೆ ಭಾರತ ಅಂದರೆ ಕುಮಾರವ್ಯಾಸನದು. ಕೋಳಿವಾಡದ ಆ ಕವಿ ಇಲ್ಲೇ ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೆ ಒರಗಿ ಬರೆದ ಅಂತ ಜನ ಇವತ್ತಿಗೂ ಕಂಬ ತೋರಿಸುತ್ತಾರೆ. ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಧುಮುಕಿ ಓಡುವ ಉತ್ತರನನ್ನು ಅವನು ಎಷ್ಟು ಚೆನ್ನಾಗಿ ಹಾಡಿದ್ದಾನೆ ಅಂದರೆ, ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ಗಾದೆ ಎಲ್ಲರ ನಾಲಿಗೆ ಮೇಲಿದೆ. ಹೀಗಾಗಿ ರಂಗದ ಮೇಲೂ ಅವನು ಬರೀ ನಗಿಸುವ ಪಾತ್ರ.

ನನಗೆ ಹಾಗೆ ಮಾಡಲು ಮನಸ್ಸಿರಲಿಲ್ಲ. ಕ್ಯಾಂಪ್‌ಬೆಲ್ ಹೇಳುವ ಹಂತಗಳಲ್ಲಿ ಕರೆಯನ್ನು ನಿರಾಕರಿಸುವುದೂ ಒಂದು. ನಾಯಕನಾಗುವವನು ‘ನನ್ನಿಂದ ಆಗಲ್ಲ’ ಅಂತ ಹಿಂದೆ ಸರಿಯುವ ಗಳಿಗೆ ಅದು. ಉತ್ತರನ ಓಟವನ್ನು ಅಲ್ಲಿಟ್ಟು ನೋಡಿದರೆ ಅವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಶುರುವಾಗುತ್ತದೆ.

ಒಬ್ಬ ಹುಡುಗ ಎದ್ದು ಕೇಳಿದ, “ಸರ್, ಅಂವಾ ಓಡಿ ಹೋದ್ನಲ್ರಿ. ಹೆಂಗ ಹೀರೋ ಆಗ್ತಾನ್ರಿ?”

“ಎದುರಿಗೆ ಭೀಷ್ಮ, ದ್ರೋಣ, ಕರ್ಣ ನಿಂತಾರ. ನೀ ಏನ್ ಮಾಡ್ತಿದ್ದಿ?”

“ನಾನೂ ಓಡ್ತಿದ್ದೆರಿ!”

ಪಾತ್ರವನ್ನು ಅವನಿಗೇ ಕೊಟ್ಟೆ. ತಾಲೀಮಿನಲ್ಲಿ ಉಳಿದ ಮಕ್ಕಳನ್ನೆಲ್ಲ ಕೌರವ ಸೇನೆ ಮಾಡಿ ಸಾಲಾಗಿ ನಿಲ್ಲಿಸಿದೆ. ಯಾರೂ ಕೂಗಬಾರದು, ಗದೆ ಬೀಸಬಾರದು. ಸುಮ್ನೆ ಅವನನ್ನೇ ನೋಡಬೇಕು, ಒಂದೊಂದು ಹೆಜ್ಜೆ ಮುಂದೆ ಬರಬೇಕು. ಅವನು ಓಡಿದ್ದು ನಟನೆ ಅನಿಸಲಿಲ್ಲ. ಪ್ರದರ್ಶನದ ದಿನ ಜನ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ನನಗೆ ಬೇಕಾದದ್ದು ಅದೇ.

ಮುಂದಿನದು ಬನ್ನಿ ಮರ. ಪಾಂಡವರು ಆಯುಧಗಳನ್ನು ಕಟ್ಟಿಟ್ಟ ಶಮೀವೃಕ್ಷ ಅಂದರೆ ನಮ್ಮ ಬನ್ನಿಯೇ. ದಸರೆಯಲ್ಲಿ ‘ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣ’ ಅನ್ನುವ ಮಕ್ಕಳಿಗೆ ಈ ಮರದ ಪರಿಚಯ ಹೇಳಿಕೊಡಬೇಕಿಲ್ಲ. ಆದರೆ ಮೂಲ ಭಾರತದಲ್ಲಿ, ಯಾರೂ ಹತ್ತಿರ ಬರಬಾರದು ಅಂತ ಪಾಂಡವರು ಆ ಮರಕ್ಕೆ ಒಂದು ಹೆಣವನ್ನೂ ಕಟ್ಟಿರುತ್ತಾರೆ. ಈಗಷ್ಟೇ ಓಡಿದ್ದ ಹುಡುಗ ಅಂಥ ಮರ ಹತ್ತಬೇಕು. ಸಾರಥಿ ಬೃಹನ್ನಳೆಗೆ ಬಿಲ್ಲು ಇಳಿಸಿ ಕೊಡಬೇಕು. ಹೊಸಿಲು ದಾಟುವುದು ಅಂತಾರಲ್ಲ, ಈ ಕಥೆಯಲ್ಲಿ ಹೊಸಿಲು ಆ ಮರವೇ. ಅದಕ್ಕೆ ನಾನು ಮಾತು ಬರೆಯಲಿಲ್ಲ. ಹತ್ತುವುದನ್ನು ನಿಧಾನವಾಗಿ, ಒಂದು ಚೌಡಕಿಯ ಸದ್ದಿನ ಮೇಲೆ ಮಾಡಿಸಿದೆ.

ಬೃಹನ್ನಳೆ ಅಂದರೆ ವೇಷ ಮರೆಸಿಕೊಂಡ ಅರ್ಜುನ. ಆ ಪಾತ್ರ ಬರೆಯುವಾಗ ಇನ್ನೊಂದು ಹೊಳೆಯಿತು. ಅರ್ಜುನ ತನ್ನ ಪಯಣ ಮೊದಲೇ ಮುಗಿಸಿಕೊಂಡು ಬಂದವನು. ಇಂದ್ರಕೀಲಕ್ಕೆ ಹೋಗಿ ಬೇಡನ ವೇಷದ ಶಿವನ ಜೊತೆ ಹೊಡೆದಾಡಿ ಪಾಶುಪತ ಪಡೆದ. ಅಮರಾವತಿಯಲ್ಲಿ, ನಪುಂಸಕನಾಗು ಅನ್ನುವ ಊರ್ವಶಿಯ ಶಾಪವೂ ಸಿಕ್ಕಿತು. ಅಜ್ಞಾತವಾಸದಲ್ಲಿ ಅವನನ್ನು ಕಾಪಾಡಿದ್ದು ಆ ಶಾಪವೇ. ವರ ತರಲು ಹೋದವನು ಶಾಪವನ್ನೂ ಹೊತ್ತು ತಂದ, ಅದೂ ಕೆಲಸಕ್ಕೆ ಬಂತು. ಒಬ್ಬನ ಪಯಣದಲ್ಲಿ ಸಿಕ್ಕಿದ್ದು ಇನ್ನೊಬ್ಬನ ಪಯಣಕ್ಕೆ ಗುರುವಾಗುತ್ತದೆ. ಇಷ್ಟು ತಿಳಿದ ಮೇಲೆ ಬೃಹನ್ನಳೆಯನ್ನು ನಗೆಪಾಟಲು ಮಾಡುವ ಮಾತೇ ಇಲ್ಲ. ಆ ಪಾತ್ರವನ್ನು ಒಬ್ಬ ಗಟ್ಟಿ ದನಿಯ ಹುಡುಗಿಗೆ ಕೊಟ್ಟೆ.

ನಾನು ಜಾಸ್ತಿ ಸಮಯ ಕೊಟ್ಟಿದ್ದು ಮರಳಿ ಬರುವ ಭಾಗಕ್ಕೆ. ಸಿನಿಮಾದವರು ಯುದ್ಧಕ್ಕೆ ಅರ್ಧ ಗಂಟೆ ಕೊಟ್ಟು ಮರಳುವುದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ನಮ್ಮ ಕಥೆಯಲ್ಲಿ ಅಸಲಿ ಪರೀಕ್ಷೆ ಇರುವುದೇ ಅಲ್ಲಿ. ಮಗ ಗೆದ್ದ ಅಂತ ವಿರಾಟ ಹಿಗ್ಗಿದ್ದಾನೆ. ಬೃಹನ್ನಳೆಯನ್ನು ಹೊಗಳಿದ ಕಂಕನ, ಅಂದರೆ ವೇಷ ಮರೆಸಿಕೊಂಡ ಧರ್ಮರಾಯನ ಮುಖಕ್ಕೆ ಪಗಡೆಯ ದಾಳದಿಂದ ಹೊಡೆದಿದ್ದಾನೆ, ರಕ್ತ ಬಂದಿದೆ. ಊರಿಗೆ ಊರೇ ಜೈಕಾರ ಹಾಕುತ್ತಿದೆ. ಸುಮ್ಮನಿದ್ದರೆ ಕೀರ್ತಿಯೆಲ್ಲ ಉತ್ತರನದು. ಅವನು ಮಾತ್ರ, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಅನ್ನುತ್ತಾನೆ. ಅರ್ಜುನನ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

‘ಏನು ತಂದ?’ ಅಂತ ಕೇಳಿದಾಗ ಮಕ್ಕಳು ದನ ತಂದ ಅಂದರು, ತಂಗಿಯ ಗೊಂಬೆಗಳಿಗೆ ಬಟ್ಟೆ ತಂದ ಅಂದರು. ಸೈನಿಕಳಾಗಿದ್ದ ಒಬ್ಬಳು, “ಬಡಾಯಿ ಬಿಟ್ಟು ಬಂದಾನ್ರಿ” ಅಂದಳು. ಆ ಮಾತನ್ನು ಹಾಗೇ ಸೂತ್ರಧಾರನ ಬಾಯಿಗೆ ಹಾಕಿದೆ.

ಕುರುಕ್ಷೇತ್ರದ ಮೊದಲ ದಿನವೇ ಇದೇ ಉತ್ತರ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಅದನ್ನೂ ಸೇರಿಸಬೇಕು ಅಂತ ಮಕ್ಕಳು ಹಟ ಹಿಡಿದರು, ಸೇರಿಸಿದೆವು. ಅವರ ಪ್ರಕಾರ, ಓಡಿದವನು ಮತ್ತೆ ಓಡಲಿಲ್ಲ ಅನ್ನುವುದು ಜನಕ್ಕೆ ಗೊತ್ತಾಗಲೇಬೇಕು.

ಈ ಅಚ್ಚಿಗೆ ಎಲ್ಲ ಕಥೆ ಹೊಂದುವುದಿಲ್ಲ. ಹೊಂದುವ ಕಥೆಗಳನ್ನಷ್ಟೇ ಆರಿಸಿಕೊಂಡರು ಅಂತ ಜಾನಪದ ವಿದ್ವಾಂಸರು ಕ್ಯಾಂಪ್‌ಬೆಲ್ ಮೇಲೆ ಆಕ್ಷೇಪ ಎತ್ತಿದ್ದಾರೆ, ಅದರಲ್ಲಿ ಹುರುಳಿದೆ. ಕನ್ನಡದ ಜನಪದ ಕಥೆಗಳನ್ನು ಕೂಡಿಸಿದ ಎ.ಕೆ. ರಾಮಾನುಜನ್ ಒಂದು ಮುಖ್ಯ ಮಾತು ಹೇಳಿದ್ದಾರೆ. ಗಂಡಸು ನಾಯಕನಾದ ಕಥೆ ಮದುವೆಯಲ್ಲಿ ಮುಗಿಯುತ್ತದೆ, ಹೆಣ್ಣು ನಾಯಕಿಯಾದರೆ ಕಷ್ಟ ಮದುವೆ ಆದ ಮೇಲೆ ಶುರುವಾಗುತ್ತದೆ. ಹೂವಿನ ಮರವಾಗುವ ಹುಡುಗಿಯ ಕಥೆ ಹಾಗೇ ಇದೆ. ಅವಳು ಏನನ್ನೂ ಗೆಲ್ಲಲು ಹೊರಟವಳಲ್ಲ. ಬೇರೆಯವರು ಅವಳ ಕೊಂಬೆ ಮುರಿದು ಹಾಕುತ್ತಾರೆ. ಅವಳು ಮತ್ತೆ ಇಡೀ ಹೆಣ್ಣಾಗಬೇಕಾದರೆ ಇನ್ನೊಬ್ಬರು ಜೋಪಾನವಾಗಿ ಕೊಂಬೆ ಜೋಡಿಸಿ ನೀರು ಹಾಕಬೇಕು. ನನ್ನ ಮೂರು ಪ್ರಶ್ನೆ ಅಲ್ಲಿ ನಡೆಯುವುದಿಲ್ಲ. ಈ ಬೇಸಿಗೆಗೆ ಆ ಕಥೆಯನ್ನೇ ಎತ್ತಿಕೊಂಡಿದ್ದೇವೆ. ಬೋರ್ಡಿನ ಮೇಲೆ ಈಗ ಇರುವುದು ಎರಡು ಪ್ರಶ್ನೆ. ಯಾರು ಮುರಿದರು? ಯಾರು ಜೋಡಿಸಿದರು?